ನರ್ಸಮ್ಮನ ಮೂರು ಹೆಜ್ಜೆ

ನಮ್ಮ ಧಾರಾವಾಹಿಯಲ್ಲಿ ನಾನು ಮೂರನೇ ಸಹಾಯಕ ನಿರ್ದೇಶಕ. ನಾಲ್ಕನೆಯವನು ಇಲ್ಲದ್ದರಿಂದ ಕೊನೆಯವನು ಎಂದೂ ಹೇಳಬಹುದು, ಸೆಟ್ಟಿನಲ್ಲಿ ಹಾಗೇ ಹೇಳುತ್ತಾರೆ. ನಾಯಕಿಯ ಬಲಗೈಯಲ್ಲಿದ್ದ ಲೋಟ ಮುಂದಿನ ಶಾಟಿನಲ್ಲಿ ಎಡಗೈಗೆ ಹಾರದಂತೆ ನೋಡಿಕೊಳ್ಳುವುದು, ದೂರದಲ್ಲಿ ನಿಂತ ನಟರಿಗೆ ನಿರ್ದೇಶಕರ ಕೈಸನ್ನೆಯನ್ನು ದಾಟಿಸುವುದು, ಬೈಯಲು ಬೇರೆ ಯಾರೂ ಸಿಗದಿದ್ದಾಗ ಎದುರಿಗೆ ಇರುವುದು, ಇವು ನನ್ನ ಕೆಲಸಗಳು. ಮೂರನೆಯದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಎರಡನೆಯದರಲ್ಲೂ ನಾನು ನಿಪುಣನೆಂದು ಆ ಮಂಗಳವಾರದವರೆಗೆ ನಂಬಿದ್ದೆ.

ಬರೆಯಲು ಕೂತದ್ದು ನರ್ಸಮ್ಮನ ಬಗ್ಗೆ. ನನ್ನಿಂದ ಶುರುವಾಯಿತು, ಕ್ಷಮೆಯಿರಲಿ.

ನರ್ಸಮ್ಮ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಈಗ ನಮ್ಮ ಸೆಟ್ಟಿಗೆ ಬರುವ ಹಸುಗೂಸುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬಿಳಿ ಕ್ಯಾನ್ವಾಸ್ ಶೂ, ಎದೆಯ ಮೇಲೆ ತಲೆಕೆಳಗಾಗಿ ಪಿನ್ನು ಹಾಕಿದ ಗಡಿಯಾರ, ಚರ್ಮಕ್ಕೆ ಅಂಟುವಂತೆ ಕತ್ತರಿಸಿದ ಉಗುರು. ಅವಳು ಹತ್ತಿರ ಬಂದರೆ ಸೋಪಿನ ವಾಸನೆ ಮೊದಲು ಬರುತ್ತದೆ, ಆಮೇಲೆ ಬೈಗುಳ. ಕೂಸನ್ನು ದೀಪದ ಕೆಳಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇಡುವಂತಿಲ್ಲ. ತಣ್ಣನೆ ಕೈಯಲ್ಲಿ ಮುಟ್ಟುವಂತಿಲ್ಲ. ಅವಳು ಬರುವ ಮೊದಲು ಕೂಸು ಅಳಬೇಕಾದಾಗ ಮ್ಯಾನೇಜರು ಅದರ ಅಂಗಾಲಿಗೆ ಬೆರಳಿನಿಂದ ಚಿಟಿಕೆ ಹೊಡೆಯುವ ಪದ್ಧತಿ ಇತ್ತು. ಮೊದಲ ದಿನ ಅದನ್ನು ಕಂಡ ನರ್ಸಮ್ಮ ಮ್ಯಾನೇಜರಿಗೆ ಚಪ್ಪಲಿ ಬಿಚ್ಚಲು ಹೇಳಿದಳಂತೆ. ಏನೋ ಪರೀಕ್ಷೆ ಇರಬೇಕೆಂದು ಆತ ಬಿಚ್ಚಿ ಕಾಲು ಚಾಚಿದ. ಹನ್ನೊಂದು ಚಿಟಿಕೆ. ಎಂಟನೆಯದಕ್ಕೆ ಆತ "ಅಮ್ಮಾ" ಅಂದನೆಂದು ಲೈಟಿನವರು ಇಂದಿಗೂ ನೆನೆದು ನಗುತ್ತಾರೆ. ಅಂದಿನಿಂದ ನಮ್ಮ ಸೆಟ್ಟಿನಲ್ಲಿ ಕೂಸು ತಾನಾಗಿ ಅಳುವವರೆಗೆ ಎಲ್ಲರೂ ಕಾಯುತ್ತೇವೆ.

ಆಸ್ಪತ್ರೆಯಲ್ಲಿ ಅವಳದು ಬಾಗಿಲ ಕೆಲಸ. ಹೆರಿಗೆ ಕೋಣೆಯಿಂದ ಕೂಸನ್ನು ಹೊರಗೆ ತಂದು, ಕಾದು ನಿಂತವರಿಗೆ ಸುದ್ದಿ ಹೇಳಿ ಕೈಗೆ ಕೊಡುವುದು. "ತಾಯಿ, ಮಗು ಚೆನ್ನಾಗಿದಾರೆ ಅಂತೀನಿ," ಎಂದು ಒಮ್ಮೆ ನನಗೆ ಹೇಳಿದ್ದಳು. "ಅಷ್ಟಕ್ಕೇ ನಗೋರು ಕೆಲವರು. ಇನ್ನೂ ಏನೋ ಹೇಳ್ತಾಳೆ ಅಂತ ನನ್ನ ಬಾಯನ್ನೇ ನೋಡ್ತಾ ನಿಲ್ಲೋರು ಕೆಲವರು. ಆ ನಿಂತಿರೋ ಮುಖ ಇದೆಯಲ್ಲ, ಅದನ್ನ ನೋಡಿ ನೋಡಿ ನಂಗೆ ವಯಸ್ಸಾಯ್ತು ಕಣೋ. ಕೂಸನ್ನ ಕೈಗೆ ಕೊಟ್ಮೇಲೆ ಹೆಜ್ಜೆ ಎಣಿಸ್ತಿದ್ದೆ. ಎಂಥವನಾದ್ರೂ ಮೂರು ಹೆಜ್ಜೆ ಹಾಕೋದ್ರೊಳಗೆ ಬಟ್ಟೆ ಸರಿಸಿ ಮುಖ ನೋಡ್ತಾನೆ. ನೋಡ್ಲಿಲ್ಲ ಅಂದ್ರೆ ನಂಗೆ ಆ ಮಧ್ಯಾಹ್ನ ಊಟ ಸೇರ್ತಿರಲಿಲ್ಲ."

ಹಾಗೆ ಮೂರು ಹೆಜ್ಜೆಯಲ್ಲಿ ಮುಖ ನೋಡದ ಒಬ್ಬ ಅಜ್ಜಿಯ ಕೈಗೆ ಅವಳು ಒಂದು ಹೆಣ್ಣು ಕೂಸನ್ನು ಕೊಟ್ಟಿದ್ದಳು. ತೂಕ ಮೂರು ಕಿಲೋ ನೂರು ಗ್ರಾಂ. ನಾಲ್ಕನೇ ದಿನ ಅದೇ ಕೂಸು ಅದೇ ಬಟ್ಟೆಯಲ್ಲಿ ಉಸಿರಿಲ್ಲದೆ ವಾಪಸು ಬಂತು. ಹಾಲು ನೆತ್ತಿಗೆ ಹತ್ತಿತು ಎಂದು ಕಾಗದದಲ್ಲಿ ಬರೆಯಲಾಯಿತು. ನರ್ಸಮ್ಮ ಏನೂ ಹೇಳಲಿಲ್ಲ. ಹೇಳಲು ಅವಳ ಹತ್ತಿರ ಇದ್ದದ್ದು ಹೆಜ್ಜೆಯ ಎಣಿಕೆ ಮಾತ್ರ.

ಈಗ ನನ್ನ ಘನಕಾರ್ಯ. ನಮ್ಮ ಕತೆಯಲ್ಲಿ ನಾಯಕಿ ತುಂಬು ಬಸುರಿ. ಅವಳ ಅತ್ತೆ ಮಹಡಿಯ ಮೇಲೆ ನಿಂತು, "ಹೆಣ್ಣು ಹೆತ್ತೆಯೋ, ಇಲ್ಲಿಂದಲೇ ಕೆಳಗೆ!" ಎಂದು ಶಪಥ ಮಾಡಿ ಎರಡು ವಾರವಾಗಿತ್ತು. ಮುಂದೇನೆಂದು ತೋಚದೆ ಸಭೆಯಲ್ಲಿ ಎಲ್ಲರೂ ಆಕಳಿಸುತ್ತಿದ್ದಾಗ ನಾನು ಬಾಯಿ ಬಿಟ್ಟೆ.

"ಗಂಡು ಬೇಕೋ ಹೆಣ್ಣು ಬೇಕೋ ಅಂತ ನೋಡೋರನ್ನೇ ಕೇಳಿದ್ರೆ ಹೇಗೆ ಸಾರ್?"

ಮೂರು ವರ್ಷದಲ್ಲಿ ಮೊದಲ ಬಾರಿಗೆ ನಿರ್ದೇಶಕರು ನನ್ನ ಮುಖ ನೋಡಿದರು. ಹೊಟ್ಟೆಯೊಳಗಿನ ಕೂಸು ಯಾವುದೆಂದು ನಿಜವಾಗಿ ಹೇಳಿದರೆ ಜೈಲು. ಕತೆಯಲ್ಲಿ ಊರಿಗೆ ಊರೇ ಸೇರಿ ಆರಿಸಿದರೆ ಬಹುಮಾನ. ವಾರದೊಳಗೆ ಮೊಬೈಲುಗಳಲ್ಲಿ ಮತ ಸುರಿದವು. ನೂರಕ್ಕೆ ಎಂಬತ್ತೊಂದು ಹೆಣ್ಣು! ವಾಹಿನಿಯಿಂದ ಕೇಕು ಬಂತು. ಸಮಾಜ ಬದಲಾಗಿದೆ ಎಂದು ಕೋಟು ಹಾಕಿದವರೊಬ್ಬರು ಭಾಷಣ ಮಾಡಿದರು. ನಾನು ಎರಡು ತುಂಡು ತಿಂದೆ.

ನರ್ಸಮ್ಮ ಕೇಕು ಮುಟ್ಟಲಿಲ್ಲ. "ಮತದ ಜೊತೆಗೆ ಏನೋ ಬರೆದಿದಾರಲ್ಲ, ಓದು," ಎಂದಳು.

ಓದಿದೆ. "ಹೆಣ್ಣೇ ಆಗಲಿ, ಅತ್ತೆ ಏನ್ ಮಾಡ್ತಾಳೆ ನೋಡೋಣ." "ಗಂಡಾದ್ರೆ ಕತೆ ಮುಗಿದುಹೋಗುತ್ತೆ, ಹೆಣ್ಣು." "ಹೆಣ್ಣು, ಮಹಡಿ ಸೀನ್ ಬೇಕೇ ಬೇಕು." ನಾಲ್ಕನೆಯದನ್ನು ಓದುವಷ್ಟರಲ್ಲಿ ಬಾಯಲ್ಲಿದ್ದ ಕೆನೆ ಹುಳಿಯಾಯಿತು.

"ನಿಂತಿರೋ ಮುಖ," ಎಂದಳು ನರ್ಸಮ್ಮ.

ಅಂದು ಊಟದ ಹೊತ್ತಿನಲ್ಲಿ ದೊಡ್ಡ ಚರ್ಚೆಯಾಯಿತು. ನಿರ್ದೇಶಕರು ಅನ್ನ ಕಲಸುತ್ತಾ, "ಟೀವಿ ನೋಡಿ ಯಾರೂ ಮಗು ಎಸೆಯಲ್ಲ ನರ್ಸಮ್ಮ. ಹಾಗಿದ್ದಿದ್ರೆ ನಮ್ಮನ್ನ ನೋಡಿ ಜನ ಒಳ್ಳೆಯವರೂ ಆಗ್ಬೇಕಿತ್ತಲ್ಲ, ಕೊನೇಲಿ ಯಾವಾಗ್ಲೂ ಒಳ್ಳೆಯವರೇ ಗೆಲ್ತಾರೆ," ಎಂದರು.

"ಎಸೆಯೋದನ್ನ ನೀವು ಕಲಿಸ್ತೀರಿ ಅಂದ್ನಾ ಸಾರ್? ಅದು ಬೇಕಾದವರಿಗೆ ಗೊತ್ತೇ ಇದೆ. ಕೂತ್ಕೊಂಡು ನೋಡೋದನ್ನ ಕಲಿಸ್ತಿದೀರಿ."

"ತೋರಿಸದೇ ಇದ್ರೆ ನಡೀತಾನೇ ಇಲ್ಲ ಅಂದ್ಕೋತಾರೆ ಅಮ್ಮಾ," ಎಂದಳು ಮೇಕಪ್ಪಿನವಳು. "ನಮ್ಮ ಅಕ್ಕನ ಮನೇಲಿ ಏನ್ ನಡೀತು ಅಂತ ಟೀವಿಲಿ ಬಂದಿದ್ರೆ ಯಾರಾದ್ರೂ ನಂಬ್ತಿದ್ರೇನೋ."

ನರ್ಸಮ್ಮ ತನ್ನ ತಟ್ಟೆಯ ಹಪ್ಪಳವನ್ನು ಅವಳ ತಟ್ಟೆಗೆ ದಾಟಿಸಿದಳು. ನಿಮಗೇನನ್ನಿಸುತ್ತೆ ಎಂದು ಯಾರೋ ನನ್ನನ್ನು ಕೇಳಿದರು. ಇಬ್ಬರದೂ ಸರಿ ಎಂದೆ. ನನ್ನ ಅಭಿಪ್ರಾಯಗಳೆಲ್ಲ ಹೀಗೇ, ಎಲ್ಲಿ ಬೇಕಾದರೂ ಮಡಚಿ ಇಡಬಹುದು.

ನಾಯಕಿಯ ಕೂಸಾಗಲು ಸಿಕ್ಕಿದ್ದು ಒಂದು ತಿಂಗಳ ಹೆಣ್ಣು. ಅದನ್ನು ತರುತ್ತಿದ್ದವಳು ತಾಯಿಯಲ್ಲ, ಅಪ್ಪನ ತಾಯಿ. ಸಣಕಲು ಅಜ್ಜಿ, ಬಾಯಿ ಬಿಟ್ಟು ಮಾತಾಡಳು. ಬೆಳಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಬಂದು ಕೂರುವಳು, ನಮ್ಮ ಕೆಲಸ ಹನ್ನೊಂದಕ್ಕೆ ಮುಗಿದರೂ ಸಂಜೆವರೆಗೆ ಏಳುತ್ತಿರಲಿಲ್ಲ. ಕೂಸಿಗೆ ಬಾಟಲಿ ಹಾಲು. ಇದು ಆ ಮನೆಯ ಮೂರನೇ ಹೆಣ್ಣೆಂದೂ ಮೊದಲಿನ ಎರಡು ತಾಯಿಯ ತವರಿನಲ್ಲಿವೆಯೆಂದೂ ನರ್ಸಮ್ಮ ಅವಳ ಬಾಯಿಂದ ಹೇಗೋ ಹೊರಡಿಸಿದ್ದಳು.

"ತಾಯಿ ಒಂದು ದಿನವಾದ್ರೂ ಬಂದ್ಲಾ? ಇಲ್ಲ," ಎಂದಳು ನನಗೆ. "ಈ ಮುದುಕೀನ ನೋಡಿದ್ರೆ ನನ್ನ ಕೈ ತಣ್ಣಗಾಗುತ್ತೆ ಕಣೋ."

ಮಂಗಳವಾರ ಮಹಡಿಯ ದೃಶ್ಯ. ದೂರದ ಶಾಟಿಗೆ ನಮ್ಮಲ್ಲೊಂದು ಗೊಂಬೆಯಿದೆ: ರಬ್ಬರಿನ ಮುಖ, ಒಳಗೆ ಮೂರು ಕಿಲೋ ಮರಳು. ಎತ್ತಿಕೊಂಡವರ ಕೈ ನಿಜವಾದ ಭಾರಕ್ಕೆ ಬಾಗಲಿ ಎಂದು ಮಾಡಿಸಿದ್ದು. ಆದರೆ ಹತ್ತಿರದ ಶಾಟಿಗೆ ನಿಜವಾದ ಕೂಸೇ ಬೇಕೆಂದು ನಿರ್ದೇಶಕರು ಹಟ ಹಿಡಿದರು. ಅತ್ತೆಯ ಪಾತ್ರದವಳು ಅದನ್ನು ಕಟ್ಟೆಯಾಚೆ ಹಿಡಿಯಬೇಕು. ಕ್ಯಾಮೆರಾಕ್ಕೆ ಮೂರು ಮಹಡಿ ಎತ್ತರ, ನಿಜಕ್ಕೆ ಎರಡಡಿ ಕೆಳಗೆ ಹಾಸಿಗೆ. ಒಪ್ಪಿಗೆಯ ಕಾಗದ ಹಿಡಿದು ನಾನು ಅಜ್ಜಿಗೆ ಎಲ್ಲ ವಿವರಿಸಿದೆ.

"ಮೇಲಿಂದ ಹಿಡೀತೀರಾ? ಹಿಡೀರಿ," ಎಂದು ಓದದೆಯೇ ಸಹಿ ಹಾಕಿದಳು. "ಹೊತ್ತಾಗುತ್ತಾ? ಸಂಜೆವರೆಗೂ ಆಗುತ್ತಾ?"

ನರ್ಸಮ್ಮ ಪಕ್ಕದಲ್ಲೇ ಇದ್ದಳು. ಕೂಸನ್ನು ಎದೆಗವಚಿಕೊಂಡು ನೇರ ನಿರ್ದೇಶಕರ ಎದುರು ನಿಂತಳು.

"ಇದರ ತಾಯಿ ಬರ್ಲಿ. ಅವಳು ಹೂಂ ಅಂದ್ರೆ ಕೊಡ್ತೀನಿ. ಇಲ್ದಿದ್ರೆ ಈ ಮುದುಕಿ ಕೈಗೂ ಕೊಡಲ್ಲ, ನಿಮ್ಮ ಕೈಗೂ ಕೊಡಲ್ಲ."

ನಿರ್ದೇಶಕರು ಗಡಿಯಾರ ನೋಡಿದರು, ಆಕಾಶ ನೋಡಿದರು, ಕೊನೆಗೆ ಬೈಯಲು ನನ್ನನ್ನು ನೋಡಿದರು. "ಹೋಗು, ಕರ್ಕೊಂಡು ಬಾ!"

ಅಜ್ಜಿ ಎದ್ದು ನನ್ನ ತೋಳು ಹಿಡಿದು ಏನೋ ಹೇಳಹೊರಟಳು. "ಭಯ ಬೇಡಮ್ಮ, ಹತ್ತೇ ನಿಮಿಷ," ಎಂದು ಕೈ ಬಿಡಿಸಿಕೊಂಡೆ. ಕಾಗದದಲ್ಲಿದ್ದ ವಿಳಾಸ ಹಿಡಿದು ಸ್ಕೂಟರ್ ಹತ್ತಿದೆ.

ಎರಡನೇ ಮಹಡಿಯ ಮನೆ. ಬಾಗಿಲು ತೆರೆದವನು ಬನಿಯನ್ನಿನಲ್ಲಿದ್ದ ಗಂಡಸು, ನಿದ್ದೆಯಿಂದ ಎದ್ದ ಕೆಂಪು ಕಣ್ಣು. ಕಾರ್ಖಾನೆಯ ರಾತ್ರಿ ಪಾಳಿಯವನೆಂದು ಗೋಡೆಗೆ ತೂಗಿದ್ದ ನೀಲಿ ಅಂಗಿ ಹೇಳುತ್ತಿತ್ತು. ಜೇಬಿನಲ್ಲಿ ನನ್ನ ಫೋನು ಗುರುಗುಟ್ಟಿತು: ನರ್ಸಮ್ಮ. ಮುಖ್ಯವಾದ ಮಾತಿನಲ್ಲಿದ್ದೇನಲ್ಲ, ಕತ್ತರಿಸಿದೆ. ಮೈಯೆಲ್ಲ ನಗು ಮಾಡಿಕೊಂಡು ಒಪ್ಪಿಸಿದೆ: ನಿಮ್ಮ ಪುಟ್ಟಿ ನಮ್ಮ ಧಾರಾವಾಹಿಯಲ್ಲಿದ್ದಾಳೆ, ದಿನಾ ನಿಮ್ಮ ತಾಯಿಯೇ ತರುತ್ತಾರೆ, ಇವತ್ತೊಂದು ದೊಡ್ಡ ಸೀನಿದೆ, ಅದಕ್ಕೆ ಅಮ್ಮನವರು ಬೇಕು.

ಅವನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ತಾಯಿ ನಿಂತಿದ್ದಳು. ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಒತ್ತುತ್ತಿದ್ದಳು, ಮತ್ತೆ ಮತ್ತೆ. ದಿನಕ್ಕೆ ನೂರು ಸಲ ನಾನೇ ದಾಟಿಸುವ ಸನ್ನೆ ಅದು: ನಿಲ್ಲಿಸು. ನನಗೆ ಅದು ನಮಸ್ಕಾರದಂತೆ ಕಂಡಿತು. ನಾನೂ ಕೈ ಮುಗಿದೆ.

"ಹೌದಾ," ಎಂದ ಅವನು. "ಮಗ್ಗುಲ ಮನೇಲಿ ಮಲಗಿಸಿದೀವಿ ಅಂತಿದ್ರಲ್ಲ." ಹೆಂಡತಿಯ ಕಡೆ ತಿರುಗಿದ. ಜೋರಾಗಿ ಏನೂ ಅನ್ನಲಿಲ್ಲ. ನೀಲಿ ಅಂಗಿ ತೊಟ್ಟ. ಒಂದೊಂದೇ ಗುಂಡಿ ಹಾಕಿಕೊಂಡ. "ನಡೀರಿ, ನಾನೇ ಬರ್ತೀನಿ."

ಹೆಂಡತಿಯನ್ನು ಒಳಗೇ ಬಿಟ್ಟು ಅವನು ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದಾಗ ನನಗೆ ತಡವಾಗಿ ಎಲ್ಲ ಅರ್ಥವಾಗತೊಡಗಿತು. ಅಜ್ಜಿ ಕೂಸನ್ನು ನಮ್ಮ ಸೆಟ್ಟಿಗೆ ತರುತ್ತಿದ್ದದ್ದು ನಟನೆಗಲ್ಲ. ಹಗಲಿಡೀ ಇವನು ಮನೆಯಲ್ಲಿರುತ್ತಾನೆ, ಅದಕ್ಕೆ. ಅಡಗಿಸಿಟ್ಟ ಜಾಗವನ್ನು ನಾನು ಮನೆ ಬಾಗಿಲಿಗೆ ಬಂದು ಹಲ್ಲು ಕಿರಿದು ಹೇಳಿದ್ದೆ. ಸಾಲದ್ದಕ್ಕೆ ಈಗ ಅವನನ್ನು ನನ್ನದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದೆ.

ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಮೇಲಿಂದ ಬೀಳಿಸ್ತೀರಂತಲ್ಲ? ಜನ ಮಾತಾಡ್ಕೋತಿದ್ರು."

"ಗೊಂಬೆ ಸಾರ್. ಬೀಳೋದು ಗೊಂಬೆ."

"ನಿಜದ್ದು ಬೀಳಲ್ವಾ? ಕೈತಪ್ಪಿ, ಒಂದೊಂದ್ಸಲ?"

ತಮಾಷೆಯ ದನಿಯಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ದನಿ. ವೃತ್ತವನ್ನು ಎರಡು ಸುತ್ತು ಹಾಕಿದೆ. ಚಕ್ರಕ್ಕೆ ಗಾಳಿ ಹಾಕಿಸುವ ನೆವದಿಂದ ಒಂದು ಕಡೆ ನಿಲ್ಲಿಸಿದೆ; ಅವನು ಇಳಿಯದೆ ಭುಜದ ಮೇಲೆ ಕೈಯಿಟ್ಟ. "ಗಾಳಿ ಇದೆ. ನಡೀರಿ." ಭುಜದ ಮೇಲಿನ ಆ ಕೈ ಸೆಟ್ಟು ಬರುವವರೆಗೂ ಅಲ್ಲೇ ಇತ್ತು. ಜೇಬಿನಲ್ಲಿ ಫೋನು ಇನ್ನೂ ಐದು ಸಲ ಗುರುಗುಟ್ಟಿತು. ತೆಗೆಯುವ ಧೈರ್ಯ ಬರಲಿಲ್ಲ. ಕತೆಯಲ್ಲಾಗಿದ್ದರೆ ನಾಯಕ ಗಾಡಿಯನ್ನು ಗೋಡೆಗೆ ಗುದ್ದುತ್ತಿದ್ದ. ನಾನು ತಿರುವು ಬಂದಲ್ಲೆಲ್ಲ ತಪ್ಪದೆ ಇಂಡಿಕೇಟರ್ ಹಾಕಿದೆ.

ನಾನು ಹೊರಟ ಮರುಗಳಿಗೆಯೇ ಅಜ್ಜಿ ನರ್ಸಮ್ಮನ ಕಾಲ ಬಳಿ ಕುಸಿದು ಎಲ್ಲ ಹೇಳಿದ್ದಳೆಂದು ಆಮೇಲೆ ತಿಳಿಯಿತು. ಮಗ ಒಂದು ತಿಂಗಳಿಂದ ಕೂಸಿನ ಮುಖ ನೋಡಿಲ್ಲ. ಒಮ್ಮೆ ನೀರಿನ ತೊಟ್ಟಿಯ ಹತ್ತಿರ, ಒಮ್ಮೆ ದಿಂಬು ಹಿಡಿದು, ಸುಮ್ಮನೆ ನಿಂತಿದ್ದನ್ನು ಸೊಸೆ ಕಂಡಿದ್ದಾಳೆ. ಕೈ ಮಾಡಿಲ್ಲ, ನಿಂತಿದ್ದಾನೆ ಅಷ್ಟೆ. "ನೂರು ಜನ ನೋಡ್ತಿರ್ತೀರಲ್ಲ, ಇಲ್ಲಿ ಏನೂ ಆಗಲ್ಲ ಅಂತ ತರ್ತಿದ್ದೆ ತಾಯೀ," ಎಂದಳಂತೆ. ಮೂವತ್ತೊಂದು ವರ್ಷ ಬಾಗಿಲಲ್ಲಿ ಮುಖ ಓದಿದವಳು ಈ ಮುಖವನ್ನು ತಪ್ಪಾಗಿ ಓದಿದ್ದಳು. ಹಳೆಯ ಒಬ್ಬ ಅಜ್ಜಿಯ ಪಾಪವನ್ನು ಈ ಅಜ್ಜಿಯ ತಲೆಗೆ ಕಟ್ಟಿದ್ದಳು.

ನಾವು ಗೇಟಿಗೆ ಬಂದಾಗ ನರ್ಸಮ್ಮ ಅಲ್ಲೇ ನಿಂತಿದ್ದಳು. ತೋಳಲ್ಲಿ ಕೂಸಿನ ಹಳದಿ ಶಾಲಿನ ಗಂಟು, ಮುಖದವರೆಗೆ ಹೊದಿಸಿತ್ತು. ಬೇಡ ಎಂದು ತಲೆಯಾಡಿಸಲು ನೋಡಿದೆ, ಕತ್ತು ಆಡಲಿಲ್ಲ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಅವನ ಮುಖ ನೋಡಿದಳು, ಹಳೆಯ ಬಾಗಿಲಿನ ದನಿಯಲ್ಲಿ ಹೇಳಿದಳು:

"ತಾಯಿ, ಮಗು ಚೆನ್ನಾಗಿದಾರೆ. ನಿದ್ದೇಲಿದಾಳೆ. ತಗೊಳ್ಳಪ್ಪ."

ಅವನು ತೆಗೆದುಕೊಂಡ. ಭಾರಕ್ಕೆ ಕೈ ಬಾಗಿತು. ತಿರುಗಿ ನಡೆದ.

"ಒಂದು," ಎಂದಳು ನರ್ಸಮ್ಮ ತುಟಿಯಲ್ಲೇ. "ಎರಡು." ಮೂರು ಎನ್ನಲಿಲ್ಲ. ನನ್ನ ಮೊಣಕೈ ಹಿಡಿದು ಕಿವಿಯ ಹತ್ತಿರ ಬಂದಳು. "ಮರಳು ಕಣೋ. ಹಿಂದೆ ಹೋಗು. ಮುಖ ನೋಡ್ತಾನಾ ನೋಡ್ಕೊಂಡು ಬಾ."

ಹೋದೆ. ಕಂಬದಿಂದ ಕಂಬಕ್ಕೆ ನಾನು ಅವಿತು ನಡೆದ ರೀತಿಗೆ ಬೀದಿಯವರು ನನ್ನನ್ನೇ ಕಳ್ಳನೆಂದು ಹಿಡಿಯಬಹುದಿತ್ತು. ಅವನು ಆತುರವಿಲ್ಲದೆ ನಡೆದ. ಇಸ್ತ್ರಿ ಅಂಗಡಿ, ಔಷಧದಂಗಡಿ, ಶಾಲೆಯ ಕಾಂಪೌಂಡು. ದಾರಿಯಲ್ಲೆಲ್ಲೋ ಗಂಟು ಎರಡು ತೋಳಿನಿಂದ ಒಂದು ತೋಳಿಗೆ, ಆಮೇಲೆ ಕಂಕುಳಿಗೆ ಹೋಯಿತು. ಅಷ್ಟು ಅಲುಗಿದರೂ ಯಾಕೆ ಅಳಲಿಲ್ಲ ಎಂದು ಅವನಿಗೆ ಅನುಮಾನ ಬರಲಿಲ್ಲ. ಶಾಲಿನ ಅಂಚಿಗೆ ಬೆರಳು ಹೋಗಲಿಲ್ಲ. ಗೊಂಬೆ ಎಂದು ಗೊತ್ತಿದ್ದೂ ನನಗೆ ಅದರ ತಲೆ ಎತ್ತಿ ಹಿಡಿಯಬೇಕೆಂದು ಕೈ ತುಡಿಯುತ್ತಿತ್ತು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅದನ್ನು ಇಟ್ಟ. ಪಕ್ಕದಲ್ಲಿ ಕೂತ. ಬಸ್ಸು ಬಂತು. ಎದ್ದು ಪ್ಯಾಂಟಿಗೆ ಕೈ ಒರೆಸಿಕೊಂಡು ಹತ್ತಿದ. ಬಸ್ಸು ಹೋಯಿತು.

ನಾನು ಗಂಟನ್ನು ಎತ್ತಿಕೊಂಡು ಬೆಂಚಿನ ಮೇಲೇ ಕೂತೆ. ಮೂರು ಕಿಲೋ ಮರಳನ್ನು ಎದೆಗೊತ್ತಿಕೊಂಡು ಯಾಕೆ ಅತ್ತೆನೋ ಗೊತ್ತಿಲ್ಲ. ಮಾವಿನ ಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಹಸಿವಾಗಿರ್ಬೇಕು, ತಾಯಿ ಹತ್ರ ಕರ್ಕೊಂಡು ಹೋಗಪ್ಪ," ಎಂದಳು.

ಲೈಟಿನ ಹುಡುಗರು ಹೋಗಿ ಆ ಮನೆಯ ಬೀಗ ಒಡೆದು ತಾಯಿಯನ್ನು ಕರೆತಂದರು. ಸಂಜೆ ಎಲ್ಲರೂ ಪೊಲೀಸ್ ಠಾಣೆಗೆ ಹೋದೆವು. ಅವನನ್ನು ಕರೆಸಿದರು. ಶಾಂತವಾಗಿ ಬಂದ.

"ಗೊಂಬೆ ಅಂತ ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು ಸಾರ್. ತಮಾಷೆ ಮಾಡ್ತಿದಾರೆ ಅನ್ಕೊಂಡೆ. ಅದಕ್ಕೇ ಇಟ್ಟು ಹೋದೆ."

ಅಧಿಕಾರಿ ಗೊಂಬೆಯನ್ನು ಮೇಜಿನ ಮೇಲೆ ತಿರುಗಿಸಿ ನೋಡಿದರು. "ಗೊಂಬೆ ಬಿಟ್ಟುಹೋದವನ ಮೇಲೆ ಏನಂತ ಬರೀಲಿ? ನಿಮ್ಮದೇ ಗೊಂಬೆ, ನಿಮಗೇ ಸಿಕ್ಕಿದೆ." ಮನೆಯೊಳಗೆ ಹೆಂಡತಿಯನ್ನು ಕೂಡಿಹಾಕಿದ್ದಕ್ಕೆ ಅವನಿಗೆ ಎಚ್ಚರಿಕೆ ಹೇಳಿ, ಸಹಿ ಹಾಕಿಸಿಕೊಂಡು ಕಳಿಸಿದರು. ಹೊರಡುವಾಗ ಅವನು ನನ್ನ ಭುಜದ ಮೇಲೆ ಕೈಯಿಟ್ಟು, "ಡ್ರಾಪ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್," ಎಂದ.

ಮಹಡಿಯ ದೃಶ್ಯವನ್ನು ಗೊಂಬೆಯಲ್ಲೇ ತೆಗೆದೆವು. ಪ್ರಸಾರವಾದ ದಿನ ನೋಡುಗರು ಉರಿದು ಬಿದ್ದರು. "ಮೋಸ. ಎರಡು ಸೆಕೆಂಡ್ ಸಾಕು, ಗೊಂಬೆ ಅಂತ ಎಂಥವರಿಗೂ ಗೊತ್ತಾಗುತ್ತೆ." ನೂರಾರು ಜನ ಅದನ್ನೇ ಬರೆದಿದ್ದರು. ನಾನು ಒಂದೊಂದನ್ನೂ ಓದಿದೆ. ಎಂಥವರಿಗೂ ಗೊತ್ತಾಗುವುದಾದರೆ ಅವನು ಹೇಳಿದ್ದು ನಿಜ, ನಾವು ಒಬ್ಬ ಅಮಾಯಕನನ್ನು ಠಾಣೆಗೆ ಎಳೆದಿದ್ದೇವೆ. ಆದರೆ ಅವನ ಬೆರಳು ಶಾಲಿನ ಅಂಚಿಗೆ ಹೋಗದ್ದನ್ನು ನಾನು ಬೀದಿಯುದ್ದಕ್ಕೂ ನೋಡಿದ್ದೇನೆ. ನರ್ಸಮ್ಮನ ಹಾಗೆ ಈಗ ನನ್ನ ಹತ್ತಿರವೂ ಇರುವುದು ಹೆಜ್ಜೆಯ ಎಣಿಕೆ ಮಾತ್ರ.

ಅಜ್ಜಿ, ಸೊಸೆ, ಕೂಸು ಮೂವರೂ ಈಗ ನರ್ಸಮ್ಮನ ಎರಡು ಕೋಣೆಯ ಮನೆಯಲ್ಲಿದ್ದಾರೆ. ನರ್ಸಮ್ಮ ಧಾರಾವಾಹಿಯ ಕೆಲಸ ಬಿಟ್ಟಳು. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ; ಮತ್ತೆ ಅದೇ ಬಾಗಿಲ ಕೆಲಸ ನೋಡು, ಎನ್ನುತ್ತಾಳೆ. ಅಜ್ಜಿಗೆ ಅವಳು ಇನ್ನೂ ಕ್ಷಮೆ ಕೇಳಿಲ್ಲ. ಅನ್ನ ಬಡಿಸುವಾಗ ಮೊದಲ ತಟ್ಟೆ ಅವಳಿಗೆ ಕೊಡುತ್ತಾಳೆ, ಅಷ್ಟೆ. ಅವನು ಎದುರಿನ ಬೀದಿಯಲ್ಲಿ ಎರಡು ಸಲ ಕಂಡನಂತೆ. ಏನೂ ಮಾಡಲಿಲ್ಲ. ಸುಮ್ಮನೆ ನಿಂತಿದ್ದ.

ಭಾನುವಾರ ನಾನು ಹೋಗುತ್ತೇನೆ. ಮೊದಲ ಭಾನುವಾರ ಮನೆಯ ಕೆಳಗೆ ಸ್ಕೂಟರ್ ನಿಲ್ಲಿಸಿ ಮೇಲೆ ಹೋದಾಗ ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಒಳಗೆ ತಾಯಿ ಕೂಸನ್ನು ಕಟ್ಟಿಕೊಂಡು ಮಂಚದ ಕೆಳಗಿದ್ದಳು. ಸ್ಕೂಟರಿನ ಸದ್ದು ಕೇಳಿತಂತೆ, ನನ್ನದೇ ಸ್ಕೂಟರಿನ ಸದ್ದು. ಗಂಡನ ಮನೆಯ ಮುಂದಿನಿಂದ ಒಮ್ಮೆ ಅದು ಯಾರನ್ನು ಹೊತ್ತುಕೊಂಡು ಹೋಗಿತ್ತೆಂದು ಅವಳು ಕಿಟಕಿಯಿಂದ ನೋಡಿದ್ದಳಲ್ಲ.

ಈಗ ಗಾಡಿಯನ್ನು ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬರುತ್ತೇನೆ. ಬಾಗಿಲಿನ ಸಂದಿಯಲ್ಲಿ ನರ್ಸಮ್ಮ ನನ್ನ ಬೆನ್ನ ಹಿಂದೆ ಮೆಟ್ಟಿಲ ತುದಿಯವರೆಗೆ ನೋಡುತ್ತಾಳೆ. ಆಮೇಲೆ ಚಿಲಕ ತೆಗೆದು ಕೂಸನ್ನು ನನ್ನ ಕೈಗೆ ಕೊಡುತ್ತಾಳೆ. ಒಂದು ಹೆಜ್ಜೆಯನ್ನೂ ಇಡದೆ, ನಿಂತಲ್ಲೇ, ನಾನು ಬಟ್ಟೆ ಸರಿಸುತ್ತೇನೆ.